ಈ ತುಂಡಿನಿಂದ ಏನು ಪ್ರಯೋಜನ?

ಕಳೆದ ತಿಂಗಳು ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗಳು ಫೋನ್ ಮಾಡಿದ್ದಳು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ, "ದೊಡ್ಡಮ್ಮಾ, ಒಂದು ಎಡವಟ್ಟಾಗಿದೆ, ನಗಬೇಡಿ" ಎಂದು ಪೀಠಿಕೆ ಹಾಕಿದಳು. ಗಂಡನಿಗೆಂದು ಸ್ವೆಟರ್ ಹೆಣೆಯಲು ಕುಳಿತಿದ್ದಾಳೆ. ಆರು ವಾರ ಶ್ರಮಪಟ್ಟು ಮುಂಭಾಗವನ್ನು ಮುಗಿಸಿ ಅವನ ಎದೆಯ ಮೇಲೆ ಹಿಡಿದು ನೋಡಿದರೆ, ಅದು ಎಂಟನೆಯ ತರಗತಿಯ ಹುಡುಗನಿಗೂ ಸಾಲದಷ್ಟು ಕಿರಿದಾಗಿದೆ! ಎಲ್ಲಿ ತಪ್ಪಾಯಿತೆಂಬುದು ಅವಳಿಗೆ ತಿಳಿಯಲಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಮೊದಲು ಒಂದು ಮಾದರಿ ತುಂಡು ಹೆಣೆದು ನೋಡಿದೆಯಾ?"

"ಅಯ್ಯೋ, ಆ ತುಂಡಿನಿಂದ ಏನು ಪ್ರಯೋಜನ ದೊಡ್ಡಮ್ಮಾ? ಅದನ್ನು ಯಾರು ಹಾಕಿಕೊಳ್ಳುತ್ತಾರೆ?"

ಮಗುವಿನ ಮೇಲೆ ನನಗೆ ಕೋಪ ಬರಲಿಲ್ಲ. ಆ ಪ್ರಶ್ನೆಯ ಮೇಲೆ ಬಂತು. ಈ ಪ್ರಶ್ನೆಯನ್ನು ನಾನು ಪೋಷಕರ ಬಾಯಲ್ಲಿ ಕೇಳಿದ್ದೇನೆ, ಸಹೋದ್ಯೋಗಿಗಳ ಬಾಯಲ್ಲಿ ಕೇಳಿದ್ದೇನೆ. ಒಮ್ಮೆ ನನ್ನ ಬಾಯಿಂದಲೇ ಅದು ಹೊರಟಿತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಆದ ನೀವು ನನ್ನ ಹಟವನ್ನು ಬಲ್ಲವರೇ ಆದ್ದರಿಂದ, ಈ ವಾರ ಸ್ವಲ್ಪ ಜಗಳಗಂಟಿಯಾಗಿ ಬರೆಯಲು ಅನುಮತಿ ಕೊಡಿ.

ಮೊದಲು ಆ ಸ್ವೆಟರಿನ ಗತಿ ನೋಡೋಣ. ವಿವರಣೆಯ ಹಾಳೆಯಲ್ಲಿ 8ನೇ ನಂಬರಿನ ಕಡ್ಡಿ ಎಂದಿತ್ತು. ಅವಳು ತಾಯಿ ಕೊಟ್ಟು ಕಳುಹಿಸಿದ್ದ ಹಳೆಯ 8ನೇ ನಂಬರಿನ ಕಡ್ಡಿಗಳನ್ನೇ ಹಿಡಿದಳು. ಅಮೆರಿಕದ 8 ಎಂದರೆ 5 ಮಿಲಿಮೀಟರ್ ದಪ್ಪ. ಬ್ರಿಟಿಷರಿಂದ ನಮಗೆ ಬಂದ ಹಳೆಯ ಲೆಕ್ಕದಲ್ಲಿ 8 ಎಂದರೆ 4 ಮಿಲಿಮೀಟರ್. ಅವರಲ್ಲಿ ನಂಬರು ಏರಿದಂತೆ ಕಡ್ಡಿ ದಪ್ಪವಾಗುತ್ತದೆ, ನಮ್ಮಲ್ಲಿ ತೆಳ್ಳಗಾಗುತ್ತದೆ. ಹತ್ತು ಸೆಂಟಿಮೀಟರಿಗೆ 18 ಕುಣಿಕೆಗಳಂತೆ ಲೆಕ್ಕ ಹಾಕಿ, 50 ಸೆಂಟಿಮೀಟರ್ ಅಗಲಕ್ಕೆ 90 ಕುಣಿಕೆಗಳನ್ನು ಏರಿಸಬೇಕೆಂದು ಹಾಳೆ ಹೇಳಿತ್ತು. ತೆಳು ಕಡ್ಡಿಯಲ್ಲಿ ಅವಳ ಕೈಗೆ ಬಂದದ್ದು ಹತ್ತು ಸೆಂಟಿಮೀಟರಿಗೆ 22 ಕುಣಿಕೆ. ತೊಂಬತ್ತನ್ನು 2.2ರಿಂದ ಭಾಗಿಸಿ: 41 ಸೆಂಟಿಮೀಟರೂ ತುಂಬುವುದಿಲ್ಲ. ಇದು ಸಾಲದೆಂಬಂತೆ, ಹಾಳೆಯಲ್ಲಿ ಇಲ್ಲದಿದ್ದ ಕೇಬಲ್ ವಿನ್ಯಾಸವನ್ನು, ಅಂದರೆ ಜಡೆಯಂತೆ ಹೊಸೆದುಕೊಂಡು ಮೇಲೇರುವ ಉಬ್ಬು ಹೆಣಿಗೆಯನ್ನು, ಯಾವುದೋ ವಿಡಿಯೋದಲ್ಲಿ ಕಂಡು ಮನಸೋತು ನಡುವೆ ಸೇರಿಸಿದ್ದಾಳೆ. ಕೇಬಲ್ ಹೆಣಿಗೆಯಲ್ಲಿ ಮೂರು ಕುಣಿಕೆಗಳನ್ನು ಬೇರೊಂದು ಗಿಡ್ಡ ಕಡ್ಡಿಗೆ ದಾಟಿಸಿ, ಮುಂದೆಯೋ ಹಿಂದೆಯೋ ಇಟ್ಟುಕೊಂಡು, ಮುಂದಿನ ಮೂರನ್ನು ಮೊದಲು ಹೆಣೆದು, ಆಮೇಲೆ ಇಟ್ಟುಕೊಂಡ ಮೂರನ್ನು ಹೆಣೆಯಬೇಕು. ಮುಂದೆ ಹಿಡಿದರೆ ಜಡೆ ಎಡಕ್ಕೆ ವಾಲುತ್ತದೆ, ಹಿಂದೆ ಹಿಡಿದರೆ ಬಲಕ್ಕೆ. ಒಂದರ ಮೇಲೊಂದು ಏರಿ ಕುಳಿತ ಕುಣಿಕೆಗಳು ಬಟ್ಟೆಯನ್ನು ಅಡ್ಡಡ್ಡಲಾಗಿ ಒಳಗೆಳೆಯದೆ ಬಿಟ್ಟಾವೆಯೇ?

ಒಂದು ಸಂಜೆಯಲ್ಲಿ ಹೆಣೆಯಬಹುದಾದ ಮೂವತ್ತು ಕುಣಿಕೆಗಳ ಒಂದು ತುಂಡು ಈ ಎರಡೂ ಸಂಗತಿಗಳನ್ನು ಅವಳಿಗೆ ಹೇಳಿಬಿಡುತ್ತಿತ್ತು. ಆದರೆ ನನ್ನ ವಾದ ಅಳತೆಯದಲ್ಲ. ಅಳತೆಗಾಗಿ ತುಂಡು ಹೆಣೆಯಿರಿ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅದು ಸ್ವೆಟರಿನ ಸೇವೆಗೆ ನಿಂತ ತುಂಡು. ನಾನು ಹೇಳಹೊರಟಿರುವುದು ಯಾವ ಸ್ವೆಟರಿಗೂ ಸೇರದ, ಕಲಿಯುವುದಕ್ಕಾಗಿಯೇ ಹೆಣೆದ ತುಂಡಿನ ಬಗ್ಗೆ.

ಹೆಣಿಗೆಯ ಮೂಲಧಾತು ಎರಡೇ. ಪುಸ್ತಕಗಳಲ್ಲಿ ನಿಟ್ ಮತ್ತು ಪರ್ಲ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಸೀದಾ ಮತ್ತು ಉಲ್ಟಾ. ವಾಸ್ತವವಾಗಿ ಎರಡೂ ಅಲ್ಲ, ಒಂದೇ. ಸೀದಾ ಕುಣಿಕೆಯ ಬೆನ್ನೇ ಉಲ್ಟಾ ಕುಣಿಕೆ. ಈ ಕಡೆಯಿಂದ ಮಾವಿನೆಲೆಯ ತುದಿಯಂತೆ ಚೂಪಾಗಿ ಕಾಣುವುದು ಆ ಕಡೆಯಿಂದ ಅಡ್ಡ ಗಂಟಿನಂತೆ ಕಾಣುತ್ತದೆ. ಮುಂಬದಿಯಲ್ಲಿ ಎಲ್ಲವೂ ಸೀದಾ, ಹಿಂಬದಿಯಲ್ಲಿ ಎಲ್ಲವೂ ಉಲ್ಟಾ ಹೆಣೆದರೆ ನಯವಾದ ಬಟ್ಟೆ ಬರುತ್ತದೆ. ಆದರೆ ಅದು ಮಟ್ಟಸವಾಗಿ ಮಲಗುವುದಿಲ್ಲ. ಪಕ್ಕದ ಅಂಚುಗಳು ಹಿಂದಕ್ಕೆ ಸುರುಳುತ್ತವೆ, ಮೇಲಿನ ಕೆಳಗಿನ ಅಂಚುಗಳು ಮುಂದಕ್ಕೆ. ಎರಡೂ ಬದಿಗೆ ಸೀದಾ ಹೆಣೆದರೆ ಚಪ್ಪಟೆಯಾಗಿ ಬಿದ್ದಿರುತ್ತದೆ. ಸೀದಾ, ಉಲ್ಟಾಗಳನ್ನು ಲಂಬ ಪಟ್ಟಿಗಳಾಗಿ ಜೋಡಿಸಿದರೆ ಉಲ್ಟಾ ಪಟ್ಟಿ ಹಿಂದೆ ಸರಿದು ಸೀದಾ ಪಟ್ಟಿ ಮುಂದೆ ಬರುತ್ತದೆ. ಬಟ್ಟೆ ರಬ್ಬರಿನಂತೆ ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುತ್ತದೆ. ಸ್ವೆಟರಿನ ಸೊಂಟದ ಪಟ್ಟಿ, ಮಣಿಕಟ್ಟಿನ ಪಟ್ಟಿ ಎಲ್ಲವೂ ಇದೇ. ಅದನ್ನೇ ಅಡ್ಡ ಪಟ್ಟಿಗಳಾಗಿ ಜೋಡಿಸಿ ನೋಡಿ, ವ್ಯವಹಾರ ತಿರುಗುಮುರುಗು! ಈಗ ಉಲ್ಟಾ ಮುಂದೆ ಬರುತ್ತದೆ, ಸೀದಾ ಹಿಂದೆ ಹೋಗುತ್ತದೆ. ಬುಟ್ಟಿ ಹೆಣಿಗೆಯಲ್ಲಿ ಕಾಣುವ ಏರುತಗ್ಗು ಹುಟ್ಟುವುದು ಈ ಎರಡು ಸ್ವಭಾವಗಳ ಜಗ್ಗಾಟದಲ್ಲಿ.

ಇದನ್ನು ನಾನು ಹೀಗೆ ಬರೆದೆ, ನೀವು ಓದಿದಿರಿ. ತಿಳಿಯಿತೇ? ಸತ್ಯವಾಗಿಯೂ ತಿಳಿಯಲಿಲ್ಲ. ಉಬ್ಬುತಗ್ಗಿನ ಹೆಣಿಗೆ ಕಣ್ಣಿನ ವಿದ್ಯೆಯಲ್ಲ. ಒಂದೆರಡು ಸಾಲು ಹೆಣೆದಾಗ ಏನೂ ಕಾಣುವುದಿಲ್ಲ. ಎಂಟು ಹತ್ತು ಸಾಲುಗಳಾದ ಮೇಲೆ, ಬೆರಳಿನ ಕೆಳಗೆ, ಬಟ್ಟೆ ತಾನಾಗಿ ಎದ್ದು ನಿಲ್ಲಲು ಶುರುಮಾಡುತ್ತದೆ. ಆ ಕ್ಷಣ ಬರುವವರೆಗೂ ಕಲಿಯುವವಳು ನಂಬಿಕೆಯ ಮೇಲೆ ಕೈಯಾಡಿಸುತ್ತಿರಬೇಕು.

ನನಗೆ ಬಹಳ ಪ್ರಿಯವಾದ ಪಾಠವೆಂದರೆ ಮಾಸ್ ಸ್ಟಿಚ್. ಸಾಬಕ್ಕಿ ಚೆಲ್ಲಿದಂತೆ ಕಾಣುವುದರಿಂದ ನಾನು ಅದನ್ನು ಸಾಬಕ್ಕಿ ಹೆಣಿಗೆ ಎಂದೇ ಕರೆಯುತ್ತಿದ್ದೆ. ಒಂದು ಸೀದಾ, ಒಂದು ಉಲ್ಟಾ, ಒಂದು ಸೀದಾ, ಒಂದು ಉಲ್ಟಾ; ಪ್ರತಿ ಸಾಲನ್ನೂ ಸೀದಾದಿಂದಲೇ ಆರಂಭಿಸಬೇಕು. ಅಷ್ಟೇ ನಿಯಮ. ಕುಣಿಕೆಗಳ ಸಂಖ್ಯೆ ಬೆಸವಾಗಿದ್ದರೆ ಸಾಬಕ್ಕಿ ಬರುತ್ತದೆ. ಸಮವಾಗಿದ್ದರೆ ಅದೇ ನಿಯಮ, ಅದೇ ಕೈ, ಅದೇ ಉಲ್ಲನ್ ಆದರೂ ಸಾಬಕ್ಕಿ ಬಾರದೆ ಲಂಬ ಪಟ್ಟಿ ಬಂದು ಕುಳಿತುಕೊಳ್ಳುತ್ತದೆ! ಯಾಕೆ? ಸಾಲಿನ ಕೊನೆಯ ಕುಣಿಕೆ ಯಾವುದೆಂದು ನೋಡಿ, ಬಟ್ಟೆಯನ್ನು ತಿರುಗಿಸಿದಾಗ ಅದು ಏನಾಗಿ ಕಾಣುತ್ತದೆಂದು ನೋಡಿ. ಉತ್ತರ ಅಲ್ಲಿದೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಪ್ಪುಹಲಗೆಯ ಮೇಲೆ ಸಮ, ಬೆಸ ಸಂಖ್ಯೆಗಳನ್ನು ಬರೆದ ನನಗೆ, ಒಂದೇ ಒಂದು ಹೆಚ್ಚುವರಿ ಕುಣಿಕೆ ಇಡೀ ಬಟ್ಟೆಯ ಸ್ವಭಾವವನ್ನೇ ಬದಲಿಸುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಬಲ್ಲ ಬೇರೆ ಉದಾಹರಣೆ ಸಿಕ್ಕಿಲ್ಲ. ಇದನ್ನು ಸ್ವೆಟರಿನ ಮೇಲೆ ಕಲಿಯಲು ಸಾಧ್ಯವೇ? ಇಲ್ಲ. ಸ್ವೆಟರಿನಲ್ಲಿ ಅದು ತಪ್ಪು, ಬಿಚ್ಚಬೇಕಾದ ತಪ್ಪು. ತುಂಡಿನಲ್ಲಿ ಅದು ಪಾಠ. ತುಂಡಿಗೂ ಸ್ವೆಟರಿಗೂ ಇರುವ ವ್ಯತ್ಯಾಸವೇ ಇದು, ಗಾತ್ರದ್ದಲ್ಲ.

ಈಗ ಜಗಳಕ್ಕೆ ಬರುತ್ತೇನೆ. "ಏನು ಪ್ರಯೋಜನ" ಎಂಬ ಪ್ರಶ್ನೆ ನಮ್ಮ ಶಾಲೆಗಳ ಒಳಗೆ ಹೇಗೆ ಬಂತು? ನಾವು ಬಿ.ಎಡ್. ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತ ಪುಟಗಳಲ್ಲಿ ಅದರ ಚರಿತ್ರೆಯಿದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಮೂಲಶಿಕ್ಷಣದ ಯೋಜನೆ ಚರ್ಚೆಗೆ ಬಂದಾಗ, ಮಕ್ಕಳು ಕೈಕಸುಬಿನಿಂದ ಉತ್ಪಾದಿಸಿದ ವಸ್ತುಗಳಿಂದಲೇ ಶಿಕ್ಷಕರ ಸಂಬಳ ಹೊರಡಬೇಕೆಂಬ ಆಲೋಚನೆಯೂ ಅದರೊಂದಿಗಿತ್ತು. ಡಾ. ಜಾಕಿರ್ ಹುಸೇನ್ ಅವರ ಸಮಿತಿ ಆ ಯೋಜನೆಗೆ ರೂಪ ಕೊಟ್ಟಿತು. ಆದರೆ ಅದೇ ವರದಿಯಲ್ಲಿ ಒಂದು ಎಚ್ಚರಿಕೆಯನ್ನೂ ಬರೆದಿಟ್ಟಿತು. ಆರ್ಥಿಕ ಲಾಭಕ್ಕೆ ಒತ್ತು ಬಿದ್ದು ಶಿಕ್ಷಣದ ಉದ್ದೇಶ ಬಲಿಯಾಗುವ, ಶಿಕ್ಷಕರು ಮಕ್ಕಳಿಂದ ಆದಷ್ಟೂ ಹೆಚ್ಚು ದುಡಿಮೆ ತೆಗೆಯುವುದರಲ್ಲೇ ಮಗ್ನರಾಗುವ ಅಪಾಯವಿದೆ ಎಂಬುದು ಅದರ ಸಾರಾಂಶ. ಎಂತಹ ದೂರದೃಷ್ಟಿ! ನಾವು ಯೋಜನೆಯನ್ನೂ ಬಿಟ್ಟೆವು, ಎಚ್ಚರಿಕೆಯನ್ನೂ ಮರೆತೆವು. 1964-66ರ ಕೊಠಾರಿ ಆಯೋಗ "ಕಾರ್ಯಾನುಭವ" ಎಂದಿತು. ಅನುಭವ ಎಂಬುದು ಒಳ್ಳೆಯ ಮಾತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನು "ಸಮಾಜೋಪಯೋಗಿ ಉತ್ಪಾದಕ ಕಾರ್ಯ" ಎಂದು ಕರೆಯಿತು. ಸಮಿತಿಯ ಉದ್ದೇಶವನ್ನು ನಾನು ದೂರುವುದಿಲ್ಲ. ಆದರೆ ಹೆಸರಿನಲ್ಲಿ "ಉಪಯೋಗ" ಮತ್ತು "ಉತ್ಪಾದನೆ" ಎರಡೂ ಬಂದು ಕುಳಿತ ಮೇಲೆ, ಹತ್ತು ಅಂಗುಲದ ಸೊಟ್ಟ ತುಂಡಿಗೆ ಅಲ್ಲಿ ಜಾಗವೆಲ್ಲಿ?

ಜಾಗವಿರಲಿಲ್ಲ. ಇದಕ್ಕೆ ನಾನೇ ಸಾಕ್ಷಿ, ನಾನೇ ಆರೋಪಿ.

1994ರ ಮಾತು. ಮಲೆನಾಡಿನ ಅಂಚಿನ ಊರೊಂದರ ಪ್ರೌಢಶಾಲೆ. ಹೊಲಿಗೆ ಶಿಕ್ಷಕಿಯ ಹುದ್ದೆ ಖಾಲಿಯಿತ್ತು. "ನಿಮಗೆ ಸ್ವೆಟರ್ ಹಾಕಲು ಬರುತ್ತದಲ್ಲ ಮೇಡಂ" ಎಂದು ಗಣಿತದ ಜೊತೆಗೆ ಆ ಪಿರಿಯಡ್ಡೂ ನನ್ನ ಹೆಗಲಿಗೇರಿತು. ಹುಡುಗಿಯರಿಗೆ ಮಾತ್ರ, ಹುಡುಗರನ್ನು ಆ ಹೊತ್ತಿನಲ್ಲಿ ತೋಟಗಾರಿಕೆಯ ನೆಪದಲ್ಲಿ ಮೈದಾನಕ್ಕೆ ಬಿಡುತ್ತಿದ್ದರು. (ಆ ಹುಡುಗರಲ್ಲಿ ಇಬ್ಬರು ಕಿಟಕಿಯ ಹೊರಗೆ ನಿಂತು ನೋಡಿಯೇ ಸೀದಾ, ಉಲ್ಟಾ ಕಲಿತಿದ್ದರೆಂಬುದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಓದುತ್ತಿದ್ದೀರಾ, ಕಳ್ಳರೇ?) ವರ್ಷದ ಕೊನೆಗೆ ವಸ್ತುಪ್ರದರ್ಶನ. ಗಣ್ಯರು ಬಂದು ನೋಡುತ್ತಾರೆ. ಮೇಜುಗಳ ಮೇಲೆ ಬಿಳಿಯ ಬಟ್ಟೆ ಹಾಸಿ, ಮಗುವಿನ ಟೋಪಿ, ಕಾಲುಚೀಲ, ಸ್ವೆಟರ್, ಟಿ.ವಿ.ಯ ಮೇಲೆ ಹೊದಿಸುವ ಹೊದಿಕೆ. ಇವುಗಳಲ್ಲಿ ಅರ್ಧಕ್ಕರ್ಧ ಹೆಣೆದವರು ತಾಯಂದಿರು, ಅಕ್ಕಂದಿರು. ಕೆಲವಂತೂ ಅಂಗಡಿಯ ಮಾಲು. ನನಗೆ ಗೊತ್ತಿತ್ತು. ಹೆಣಿಗೆ ಬಲ್ಲವಳಿಗೆ ಇನ್ನೊಬ್ಬರ ಕೈಯ ಬಿಗಿ, ಸಡಿಲ ಗೊತ್ತಾಗದೆ ಇರುತ್ತದೆಯೇ? ಯಂತ್ರದ ಹೆಣಿಗೆಯಂತೂ ಕುರುಡರಿಗೂ ಗೊತ್ತಾಗುತ್ತದೆ. ಆದರೂ ಅವುಗಳಿಗೆ 25ಕ್ಕೆ 22, 23 ಅಂಕಗಳನ್ನು ಕೊಟ್ಟೆ. ಪ್ರದರ್ಶನ ಚೆನ್ನಾಗಿ ಕಾಣಬೇಕಿತ್ತು.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ತಂದದ್ದು ಒಂದು ತುಂಡು. ಶಾಲೆಯಿಂದ ಕೊಟ್ಟ ಹಸಿರು ಉಲ್ಲನ್ನಿನದು. ಕೆಳಗೆ ಲಂಬ ಪಟ್ಟಿ, ಅದರ ಮೇಲೆ ಸಾಬಕ್ಕಿ, ಅದರ ಮೇಲೆ ಬುಟ್ಟಿ ಹೆಣಿಗೆ, ಎಲ್ಲದರ ಮೇಲೆ ಅರ್ಧಕ್ಕೆ ನಿಂತ ಒಂದು ಕೇಬಲ್. ಎರಡು ಕಡೆ ಕುಣಿಕೆ ಜಾರಿ ತೂತು ಬಿದ್ದಿತ್ತು. ಸಾಬಕ್ಕಿ ನಡುವೆ ನಾಲ್ಕು ಬೆರಳಿನಷ್ಟು ಲಂಬ ಪಟ್ಟಿಯಾಗಿ ತಿರುಗಿ ಮತ್ತೆ ಸಾಬಕ್ಕಿಯಾಗಿತ್ತು. ಅಲ್ಲಿಗೆ ಒಂದು ಚೀಟಿ ಪಿನ್ನು ಮಾಡಿದ್ದಳು: ಇಲ್ಲಿ ಒಂದು ಕುಣಿಕೆ ಕಡಿಮೆಯಾಗಿ 30 ಆಯಿತು, ಆದ್ದರಿಂದ ಹೀಗಾಯಿತು, ಮತ್ತೆ 31 ಮಾಡಿದೆ ಎಂಬರ್ಥದಲ್ಲಿ. ಇಡೀ ತರಗತಿಯಲ್ಲಿ ನಾನು ಕಲಿಸಿದ್ದನ್ನು ಕಲಿತವಳು ಅವಳೊಬ್ಬಳೇ. ನಾನು ಆ ತುಂಡನ್ನು ಎತ್ತಿ ಹಿಡಿದು, ಎಲ್ಲರ ಎದುರಿಗೆ, "ಇದರಿಂದ ಏನು ಪ್ರಯೋಜನವಮ್ಮ? ಏನಾದರೂ ಮುಗಿಸಿದ್ದನ್ನು ತರಬಾರದಿತ್ತೇ?" ಎಂದೆ. ಅಂಕ 11. ಮೇಜಿನ ಮೇಲೆ ಇಡಲಿಲ್ಲ.

ಅವಳು ಅಳಲಿಲ್ಲ, ಮಾತಾಡಲಿಲ್ಲ. ಮಾರನೆಯ ದಿನ ಆ ತುಂಡನ್ನು ಪೂರ್ತಿ ಬಿಚ್ಚಿ, ಅಂದವಾಗಿ ಸುತ್ತಿದ ಹಸಿರು ಉಂಡೆಯನ್ನು ತಂದು, "ಶಾಲೆಯ ಉಲ್ಲನ್, ಮಿಸ್" ಎಂದು ನನ್ನ ಮುಂದಿಟ್ಟು ಹೋದಳು. ಬಿಚ್ಚಿದ ಉಲ್ಲನ್ ಗುಂಗುರು ಗುಂಗುರಾಗಿ ಇತ್ತು. ಮತ್ತೆ ಅವಳು ಕಡ್ಡಿ ಹಿಡಿದದ್ದನ್ನು ನಾನು ನೋಡಲಿಲ್ಲ.

ಪದವಿ ತರಗತಿಯಲ್ಲಿ ನಮಗೆ ಸಿಂಜ್ ಎಂಬ ಐರಿಷ್ ನಾಟಕಕಾರನ "ರೈಡರ್ಸ್ ಟು ದಿ ಸೀ" ಪಠ್ಯವಾಗಿತ್ತು. 1904ರಲ್ಲಿ ಮೊದಲು ರಂಗಕ್ಕೆ ಬಂದ ಪುಟ್ಟ ನಾಟಕ. ಸಮುದ್ರದಲ್ಲಿ ಮುಳುಗಿ ಸತ್ತವನು ತಮ್ಮ ಅಣ್ಣನೇ ಎಂದು ತಂಗಿಗೆ ಗೊತ್ತಾಗುವುದು ಅವನ ಕಾಲುಚೀಲದಿಂದ. ತಾನು ಹೆಣೆದ ಕುಣಿಕೆಗಳೆಷ್ಟು, ಅದರಲ್ಲಿ ಬಿಟ್ಟ ಕುಣಿಕೆಗಳೆಷ್ಟು ಎಂಬ ಲೆಕ್ಕ ಅವಳ ನೆನಪಿನಲ್ಲಿರುತ್ತದೆ. ಯಂತ್ರದಂತೆ ನಿರ್ದೋಷವಾಗಿದ್ದರೆ ಯಾರದೆಂದು ಹೇಳುವುದು ಹೇಗೆ? ಆ ಭಾಗವನ್ನು ಓದುವಾಗ ನನಗೆ ಇಪ್ಪತ್ತೂ ತುಂಬಿರಲಿಲ್ಲ, ಉತ್ತರಪತ್ರಿಕೆಯಲ್ಲಿ ಎರಡು ಪುಟ ಬರೆದೆ. ಹದಿನೈದು ವರ್ಷ ಕಳೆದ ಮೇಲೆ, ಕುಣಿಕೆ ಬಿಟ್ಟದ್ದಕ್ಕೆ ಒಂದು ಹುಡುಗಿಯ ಅಂಕ ಕಳೆದೆ!

ನನ್ನ ಎದುರಾಳಿಗಳ ವಾದಗಳನ್ನೂ ಕೇಳಬೇಕು. ಮೊದಲನೆಯದು, ಉಲ್ಲನ್ ದುಬಾರಿ. ಒಪ್ಪಿದೆ. ನನ್ನ ತಾಯಿ ಹೆಣೆದ ತುಂಡುಗಳೆಲ್ಲ ಬಿಚ್ಚಿ ಮತ್ತೊಂದಾಗಿ, ಅದೂ ಬಿಚ್ಚಿ ಇನ್ನೊಂದಾಗಿ, ಕೊನೆಗೆ ನಮ್ಮ ಕಾಲುಚೀಲಗಳಾದವು. ಬಡತನದ ಮನೆಯಲ್ಲಿ ಅದೇ ಸರಿ. ಆದರೆ ಹೆಣಿಗೆಯಲ್ಲಿ ಬಿಚ್ಚಿದರೆ ಉಲ್ಲನ್ ಮರಳಿ ಸಿಗುತ್ತದೆ. ಹೊಲಿಗೆಯಲ್ಲಿ ಕತ್ತರಿಸಿದ ಬಟ್ಟೆಗೆ ಆ ಭಾಗ್ಯವಿಲ್ಲ. ಹಾಗಿರುವಾಗ ದುಂದುಗಾರಿಕೆಯ ಆರೋಪವನ್ನು ಈ ತುಂಡಿನ ಮೇಲೆಯೇ ಹೊರಿಸುವುದು ನ್ಯಾಯವೇ? ಆರು ವಾರ ಹೆಣೆದು ಮೂಲೆ ಸೇರಿದ ಸ್ವೆಟರಿಗಿಂತ ಇದು ದುಂದೇ?

ಎರಡನೆಯದು, ವಿಡಿಯೋಗಳಿವೆಯಲ್ಲ! ಇವೆ, ಒಳ್ಳೆಯವೂ ಇವೆ, ನಾನೂ ನೋಡುತ್ತೇನೆ. ಕೈಯ ಚಲನೆಯನ್ನು ಅವು ತೋರಿಸುವಷ್ಟು ಚೆನ್ನಾಗಿ ಯಾವ ಪುಸ್ತಕವೂ ತೋರಿಸಲಾರದು. ಆದರೆ ನಿಮ್ಮ ಕೈ ಬಿಗಿಯೋ ಸಡಿಲವೋ ಎಂಬುದು ವಿಡಿಯೋಕ್ಕೆ ಹೇಗೆ ತಿಳಿಯಬೇಕು? ಅಮೆರಿಕದ ಬಾರ್ಬರಾ ವಾಕರ್ 1968ರಲ್ಲಿ ಪ್ರಕಟಿಸಿದ ಹೆಣಿಗೆ ವಿನ್ಯಾಸಗಳ ಭಂಡಾರದಲ್ಲಿ ಐನೂರಕ್ಕೂ ಹೆಚ್ಚು ಮಾದರಿಗಳಿವೆ. ಅವುಗಳನ್ನು ತೋರಿಸಿರುವುದು ಸ್ವೆಟರ್ ತೊಟ್ಟ ರೂಪದರ್ಶಿಯರ ಮೇಲಲ್ಲ, ಚಿಕ್ಕ ಚಿಕ್ಕ ತುಂಡುಗಳಲ್ಲಿ. ಅಷ್ಟು ದೊಡ್ಡ ವಿದ್ವತ್ತು ತುಂಡುಗಳ ಮೇಲೆ ನಿಂತಿದೆ.

ಮೂರನೆಯವರು ನನ್ನ ಹಿತೈಷಿಗಳು. "ತುಂಡುಗಳನ್ನೆಲ್ಲ ಜೋಡಿಸಿ ಕೌದಿಯಂತೆ ಒಂದು ಹೊದಿಕೆ ಮಾಡಿಸಿ ಮೇಡಂ, ಉಪಯೋಗಕ್ಕೂ ಬಂತು" ಎನ್ನುತ್ತಾರೆ. ಇವರೊಡನೆ ಜಗಳವಾಡುವುದು ಎಲ್ಲಕ್ಕಿಂತ ಕಷ್ಟ. ಹೊದಿಕೆಯಾಗುವುದಾದರೆ ಆಗಲಿ; ಆದರೆ ಹೊದಿಕೆಗಾಗಿ ಹೆಣೆಯಬೇಡಿ. ಹೊದಿಕೆ ಎಂದೊಡನೆ ಎಲ್ಲ ತುಂಡುಗಳೂ ಒಂದೇ ಅಳತೆಯವಾಗಬೇಕು, ತಪ್ಪಿದ ತುಂಡನ್ನು ಬಿಚ್ಚಬೇಕು. ಆಮೇಲೆ ಯಾವ ಮಗುವೂ 30 ಕುಣಿಕೆಯಾದರೆ ಏನಾಗುತ್ತದೆ ನೋಡೋಣ ಎಂದು ಹೆಣೆಯುವುದಿಲ್ಲ. ಪ್ರಯೋಜನವೆಂಬ ಭೂತ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಂತಾಯಿತು.

ಸಂಗೀತ ಕಲಿಯುವ ಮಗು ಸರಳೆ ವರಸೆ, ಜಂಟಿ ವರಸೆ ಹಾಡುವಾಗ ಇದನ್ನು ಯಾವ ಸಭೆಯಲ್ಲಿ ಹಾಡುತ್ತೀಯೆ ಎಂದು ನಾವು ಕೇಳುವುದಿಲ್ಲ. ಅಕ್ಕಿಯ ಮೇಲೆ, ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ ಅಕ್ಷರವನ್ನು ಯಾರೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಲ್ಲ. ಅಂಗಳದಲ್ಲಿ ಚುಕ್ಕಿ ಇಟ್ಟು ಕಲಿತ ರಂಗೋಲಿ ಮಾರನೆಯ ಬೆಳಿಗ್ಗೆ ನೀರಿನೊಂದಿಗೆ ಹೋಗುತ್ತದೆ. ಇವೆಲ್ಲವನ್ನೂ ಒಪ್ಪುವ ನಾವು, ಕೈಗೆ ಉಲ್ಲನ್ ಬಂದ ಕೂಡಲೇ ವ್ಯಾಪಾರಿಗಳಾಗಿಬಿಡುತ್ತೇವೆ.

ನನ್ನ ತುಂಡುಗಳಲ್ಲಿ ನಾಚಿಕೆಪಡಬೇಕಾದವು ಹಲವು. ಒಂದು ಕ್ಯಾಶ್ಮಿಲಾನ್ ತುಂಡು ಇದೆ. ಸುಕ್ಕು ಹೋಗಲೆಂದು ಬಿಸಿ ಇಸ್ತ್ರಿ ಒತ್ತಿದೆ. ಉಬ್ಬೆಲ್ಲ ಅಡಗಿ, ಹಿಗ್ಗುವ ಗುಣವೂ ಹೋಗಿ, ತೇವದ ಕಾಗದದಂತೆ ಜೋಲುಬಿತ್ತು. ಅಕ್ರಿಲಿಕ್ ನೂಲಿಗೆ ಶಾಖ ತಗುಲಿದರೆ ಹೋದ ಉಬ್ಬು ಮರಳುವುದಿಲ್ಲ. ಅದು ತುಂಡಾಗಿದ್ದರಿಂದ ಬದುಕಿದೆ. ನನ್ನ ಯಜಮಾನರ ಕಂದು ಸ್ವೆಟರ್ ಬದುಕಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೆಯ ತರಗತಿಯ ನಡುವೆ ಹತ್ತು ದಿನಗಳ ಚೀಲರಹಿತ ಅವಧಿಯ ಪ್ರಸ್ತಾಪವಿದೆ. ಮಕ್ಕಳು ಊರಿನ ಕುಶಲಕರ್ಮಿಗಳ ಬಳಿ ಹೋಗಿ ಕೆಲಸ ಕಲಿಯಲಿ ಎಂದು. ಓದಿ ಸಂತೋಷಪಟ್ಟೆ. ಹತ್ತು ದಿನಗಳಲ್ಲಿ ಒಂದು ಮಗು ಕುಣಿಕೆ ಏರಿಸಲು, ಸೀದಾ, ಉಲ್ಟಾ ಹಾಕಲು, ಒಂದು ಸಾಬಕ್ಕಿ ತುಂಡು ಹೆಣೆಯಲು ಧಾರಾಳವಾಗಿ ಕಲಿಯಬಹುದು. ಹುಡುಗರೂ ಕಲಿಯಬಹುದು, ಕಿಟಕಿಯ ಒಳಗೆ ಕುಳಿತೇ. ಆದರೆ ಹತ್ತನೆಯ ದಿನ ಪ್ರದರ್ಶನ ಎಂದು ಯಾರಾದರೂ ಘೋಷಿಸಿದರೆ, ಒಂಬತ್ತನೆಯ ರಾತ್ರಿ ತಾಯಂದಿರು ಕುಳಿತು ಟೋಪಿ ಹೆಣೆಯುತ್ತಾರೆ. ಬರೆದಿಟ್ಟುಕೊಳ್ಳಿ.

ಈ ಊರಿನ ಒಂದು ಶಾಲೆಯವರು ಬರುವ ಡಿಸೆಂಬರಿನಲ್ಲಿ ಕರಕುಶಲ ಪ್ರದರ್ಶನಕ್ಕೆ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದಾರೆ. ಬರುತ್ತೇನೆ, ಆದರೆ ಮುಗಿಯದ ತುಂಡುಗಳಿಗೆ ಒಂದು ಮೇಜು ಬೇಕು, ತಪ್ಪುಗಳನ್ನು ಬಿಚ್ಚಿರಬಾರದು, ಎಲ್ಲಿ ಏನು ತಪ್ಪಿತೆಂದು ಮಗುವೇ ಬರೆದ ಚೀಟಿ ಇರಬೇಕು, ಬಹುಮಾನವೆಂದಿದ್ದರೆ ಮೊದಲ ಬಹುಮಾನ ಆ ಮೇಜಿಗೆ ಎಂದು ಪತ್ರ ಬರೆದಿದ್ದೇನೆ. ಮೂರು ವಾರಗಳಾದವು, ಉತ್ತರ ಬಂದಿಲ್ಲ.

1994ರ ಆ ಹುಡುಗಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಗ ಅವಳಿಗೂ ನಲವತ್ತೈದರ ಆಸುಪಾಸು. ನೀನು ಇದನ್ನು ಓದುತ್ತಿದ್ದರೆ, ಅಮ್ಮ, ಆ ಹಸಿರು ಉಂಡೆಯನ್ನು ನಾನು ಶಾಲೆಯ ಬೀರುವಿಗೆ ಸೇರಿಸಲಿಲ್ಲ. ಅದರ ಬೆಲೆಯನ್ನು ಕಟ್ಟಿ ಮನೆಗೆ ತಂದೆ. ಬಿಚ್ಚಿದ ಉಲ್ಲನ್ನನ್ನು ನೀರಲ್ಲಿ ಅದ್ದಿ ಭಾರ ಕಟ್ಟಿ ಒಣಗಿಸಿದರೆ ಗುಂಗುರು ಹೋಗುತ್ತದೆಂದು ನಿಮಗೆಲ್ಲ ಹೇಳಿಕೊಟ್ಟವಳೇ ನಾನು. ಇದನ್ನು ಮಾತ್ರ ಅದ್ದಲಿಲ್ಲ. ಅದು ಇಂದಿಗೂ ಗುಂಗುರು ಗುಂಗುರಾಗಿಯೇ ಇದೆ. ವಿಳಾಸ ತಿಳಿಸಿದರೆ ಕಳುಹಿಸುತ್ತೇನೆ.